ಚೌತಿಯಿಂದ ಭೂಮಿ ಹುಣ್ಣಿಮೆಗೆ 40 ದಿನ

ಫೋನಿನಲ್ಲಿ ಆಸ್ಪತ್ರೆಯ ಹುಡುಗಿ ಹೇಳಿದ್ದು ಮೂರೇ ಮಾತು. "ಹಳೇ ರಿಪೋರ್ಟ್ ಇದ್ರೆ ಎಲ್ಲ ತನ್ನಿ. ಯಜಮಾನ್ರನ್ನೂ ಕರ್ಕೊಂಡು ಬನ್ನಿ. ಹಿಂದಿನ ಆರು ತಿಂಗಳ ಪಿರಿಯಡ್ಸ್ ಡೇಟ್ ಬರ್ಕೊಂಡು ಬನ್ನಿ ಮೇಡಂ." ಫೆಬ್ರವರಿ ಮೂರನೇ ವಾರ, ಬುಧವಾರ, ಮಕ್ಕಳಾಗದ್ದಕ್ಕೆ ತೋರಿಸಿಕೊಳ್ಳಲು ಶಿವಮೊಗ್ಗದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್. ನಮ್ಮೂರು ಸಾಗರದಿಂದಲೂ ಒಳಗೆ. ಹೋಗಿ ಬರಲು ಇಡೀ ದಿನ ಬೇಕು. ಆದರೆ ಫೋನಿಟ್ಟ ಮೇಲೆ ನನ್ನನ್ನು ಹಿಡಿದಿದ್ದು ದಾರಿಯ ಚಿಂತೆ ಅಲ್ಲ, ಆರು ತಿಂಗಳ ತಾರೀಕು ಎಲ್ಲಿಂದ ತರಲಿ ಎನ್ನುವ ಚಿಂತೆ.

ಮದುವೆಯಾಗಿ ನಾಲ್ಕು ವರ್ಷ. ನನಗೀಗ 32. ಯಾವ ಮದುವೆಮನೆಗೆ ಹೋದರೂ ಪಂಕ್ತಿಯಲ್ಲಿ ಪಕ್ಕ ಕೂತವರು ಪಾಯಸ ಬರುವಷ್ಟರಲ್ಲಿ ಕೇಳಿರುತ್ತಾರೆ, "ಏನಾದ್ರೂ ವಿಶೇಷ ಇದ್ಯನೇ?" ಆ ವಿಶೇಷಕ್ಕೆ ಒಂದೇ ಅರ್ಥ. ಎದುರು ಪಂಕ್ತಿಯಲ್ಲಿ ಕೂತ ನನ್ನ ಗಂಡನನ್ನು ಅಡಿಕೆ ರೇಟು ಕೇಳುತ್ತಾರೆ.

ಒಂದು ವರ್ಷ ಯಾವ ತಡೆಯೂ ಇಲ್ಲದೆ ಕೂಡಿದ್ದೂ ಗರ್ಭ ನಿಲ್ಲದಿದ್ದರೆ ಇಬ್ಬರೂ ತೋರಿಸಿಕೊಳ್ಳಬೇಕು ಎನ್ನುತ್ತಾರೆ ಡಾಕ್ಟರುಗಳು. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಮುಟ್ಟು ಏರುಪೇರಾಗಿದ್ದರೆ ಅಷ್ಟೂ ಕಾಯಬಾರದು. ಆ ಲೆಕ್ಕದಲ್ಲಿ ನಾವು ಬಹಳ ತಡ ಮಾಡಿದ್ದೆವು. ಹರಕೆ ಹೊತ್ತೆ, ನಾಗರಕಲ್ಲಿಗೆ ಹಾಲೆರೆದೆ, ಅರಳಿಕಟ್ಟೆ ಸುತ್ತಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ಆ ದಿನಗಳನ್ನು ದಾಟಲು ಅದು ಬೇಕಿತ್ತು. ಆದರೆ ಊರಲ್ಲಿ ನನಗೊಬ್ಬಳಿಗೇ ಹೀಗೆ ಅಂದುಕೊಂಡಿದ್ದು ಮಾತ್ರ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಈ ತೊಂದರೆ ಬಂದಿರುತ್ತದೆ. ಆ ಪಂಕ್ತಿಯಲ್ಲಿ ನನ್ನ ಹಾಗೆ ತಲೆ ತಗ್ಗಿಸಿ ಕೂತವರು ಇನ್ನೂ ಎಷ್ಟು ಜನ ಇದ್ದರೋ.

ಇದಕ್ಕೂ ಮೊದಲು ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಒಬ್ಬಳೇ. "ಮುಟ್ಟು ಸರಿಯಾಗಿ ಆಗ್ತದಾ?" ಎಂದು ಕೇಳಿದರು. "ತಿಂಗಳಿಗೊಮ್ಮೆ ಆಗ್ತೀನಿ" ಎಂದೆ. ಎಲ್ಲರೂ ಹಾಗೇ ಹೇಳೋದು ಅಲ್ವಾ? ಮುಟ್ಟಾದ 21ನೇ ದಿನ ರಕ್ತ ಕೊಡಿ ಎಂದರು, ಕೊಟ್ಟೆ. ಮೊಟ್ಟೆ ಬಿಡುಗಡೆ ಆಗ್ತಿಲ್ಲ ಎಂದು ಮಾತ್ರೆ ಬರೆದರು. ನಾಲ್ಕು ತಿಂಗಳು ನುಂಗಿದೆ. ನಡುವೆ ಒಂದು ಸ್ಕ್ಯಾನ್ ಕೂಡ ಇಲ್ಲ. ಗಂಡನ ಪರೀಕ್ಷೆ ಆಗಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ನಾನೇ ಹೋಗುವುದು ಬಿಟ್ಟೆ. ಆ ಚೀಟಿ ಎಲ್ಲಿಟ್ಟೆನೋ ಸಿಗಲಿಲ್ಲ. ರಕ್ತದ ರಿಪೋರ್ಟ್ ಮತ್ತು ಖಾಲಿಯಾದ ಒಂದು ಮಾತ್ರೆ ಪಟ್ಟಿ ಬಳೆ ಡಬ್ಬಿಯಲ್ಲಿ ಸಿಕ್ಕವು. ಅವನ್ನೇ ಕವರಿಗೆ ಹಾಕಿಟ್ಟೆ. ಮಾತ್ರೆ ಮುಗಿದ ಮೇಲೂ ಪಟ್ಟಿ ಎಸೆಯಬೇಡಿ. ಅದರ ಹಿಂದೆ ಹೆಸರು ಇರುತ್ತದೆ, ಎಷ್ಟು ಎಂಜಿ ಅಂತಲೂ ಇರುತ್ತದೆ.

ಇನ್ನು ತಾರೀಕು. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಇಲ್ಲದ ಲೆಕ್ಕವಿಲ್ಲ. ಡೈರಿಗೆ ಹಾಕಿದ ಹಾಲು, ಆಳುಗಳು ಬಂದ ದಿನ, ಸಿಲಿಂಡರ್ ಬಂದ ದಿನ. ನನ್ನ ಮುಟ್ಟಿನ ಗುರುತು ಎಲ್ಲೋ ಎರಡು ತಿಂಗಳು ಚುಕ್ಕೆ ಇಟ್ಟು ಆಮೇಲೆ ಬಿಟ್ಟುಹೋಗಿತ್ತು. ಅದೂ ಹಳೇ ವರ್ಷದ ಕ್ಯಾಲೆಂಡರ್. ಜನವರಿಯಲ್ಲಿ ಅದರ ಹಾಳೆಗಳನ್ನು ಹರಿದು ಕಪಾಟಿಗೆ ಹಾಸಿದ್ದೆವು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಉಪ್ಪಿನಕಾಯಿ ಭರಣಿ ಎತ್ತಿ ಕೆಳಗಿನ ಹಾಳೆ ಎಳೆದೆ. ಸೆಪ್ಟೆಂಬರ್. ಭರಣಿ ಕೂತ ಜಾಗದಲ್ಲಿ ಎಣ್ಣೆಯ ದುಂಡನೆ ಕಲೆ. ಕಲೆಯೊಳಗೆ ತಾರೀಕುಗಳು ಮಸುಕಾಗಿ ಕಾಣುತ್ತಿದ್ದವು, ಚುಕ್ಕೆ ಮಾತ್ರ ಇರಲಿಲ್ಲ.

"ಎಂಥ ಹುಡುಕ್ತಿದೀಯೆ ಇಷ್ಟೊತ್ತಲ್ಲಿ?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವರು ಮಣೆ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತು ಯೋಚಿಸಿ, "ಚೌತಿಗೆ ನೀನು ಹೊರಗೆ. ಕಡುಬು, ಪಂಚಕಜ್ಜಾಯ ಎಲ್ಲ ನಾನೊಬ್ಬಳೇ ಮಾಡಿದ್ದು. ಆಮೇಲೆ ಭೂಮಿ ಹುಣ್ಣಿಮೆಗೆ ಮತ್ತೆ ಹೊರಗೆ. ಮರ್ತೋಯ್ತಾ?" ಎಂದರು.

ನಮ್ಮ ಮನೆಯಲ್ಲಿ ಮುಟ್ಟಾದರೆ ಮೂರು ದಿನ ಅಡುಗೆಮನೆಗೆ, ದೇವರ ಕೋಣೆಗೆ ಬರುವ ಹಾಗಿಲ್ಲ. ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಮನೆಯಲ್ಲೂ ಹೇಳಿದ್ದೇನೆ. ಆದರೆ ನಾನು ಹೊರಗೆ ಕೂತ ದಿನಗಳಲ್ಲಿ ನನ್ನ ಪಾಲಿನ ಕೆಲಸ ಮಾಡಿದವರು ಅತ್ತೆ. ನನ್ನ ದಿನಗಳು ನನಗಿಂತ ಚೆನ್ನಾಗಿ ಅವರ ಸೊಂಟಕ್ಕೆ ನೆನಪಿದ್ದವು.

ಭೂಮಿ ಹುಣ್ಣಿಮೆ ನಾನು ಮರೆಯುವಂಥದ್ದಲ್ಲ. ಸೀಗೆ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಭೂಮಿ ಬಸುರಿ ಎಂದು ಆ ದಿನ ಬಯಕೆ ಊಟ. ರಾತ್ರಿಯಿಡೀ ಅಡುಗೆ. ಕೊಟ್ಟೆ ಕಡುಬು, ಅಮಟೆಕಾಯಿ, ಕಾಡಿನಿಂದ ತಂದ ಬಗೆಬಗೆಯ ಕುಡಿಗಳ ಬೆರಕೆ ಸೊಪ್ಪು. ಬೆಳಗಾಗುವ ಮೊದಲು ಗಂಡಸರು ಭೂಮಣ್ಣಿ ಬುಟ್ಟಿ ಹೊತ್ತು ಹೋಗಿ ಗದ್ದೆಗೆ ಚರಗ ಬೀರುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದವಳು ನಾನೇ. ಸಂಜೆಗೆ ಮುಟ್ಟಾದೆ. ಹಿಂದಿನ ಕೋಣೆಯಲ್ಲಿ ಚಾಪೆ ಮೇಲೆ ಮಲಗಿ ಕಡುಬು ಬೇಯುವ ವಾಸನೆ ಕುಡಿಯುತ್ತಾ ಬೆಳಗು ಮಾಡಿದೆ. ಅವತ್ತು ಅತ್ತದ್ದು ನೆನಪಿದೆ. ತಾರೀಕು ಮಾತ್ರ ನೆನಪಿರಲಿಲ್ಲ.

ಚೌತಿಯಿಂದ ಭೂಮಿ ಹುಣ್ಣಿಮೆಗೆ ಬೆರಳು ಮಡಚುತ್ತಾ ಎಣಿಸಿದೆ. 40 ದಿನ. ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. 40. ಅಲ್ಲಿಂದ ಮುಂದೆ ಅಡಿಕೆ ಕೊನೆ ಕೊಯ್ಲು ಶುರುವಾದ ದಿನ, ಆಳುಗಳ ಊಟಕ್ಕೆ ಓರಗಿತ್ತಿ ಬಂದು ಬಡಿಸಿದ್ದು. 38. ಆಮೇಲೆ ಡಿಸೆಂಬರ್ 31. 37. ಕೊನೆಯದು ಫೆಬ್ರವರಿ 8. 39. ಅತ್ತೆ ಹೇಳುತ್ತಾ ಹೋದರು, ನಾನು ಹಾಳೆಯ ಹಿಂದೆ ಬರೆಯುತ್ತಾ ಹೋದೆ. ಆರು ತಿಂಗಳು ಅಲ್ಲಿಗೆ ಮುಗಿಯಿತು.

ತಿಂಗಳಿಗೊಮ್ಮೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವಳು ನಾನು.

ಈ ಲೆಕ್ಕ ಎಷ್ಟು ಮುಖ್ಯ ಎಂದು ಆಮೇಲೆ ತಿಳಿಯಿತು. ಮೊಟ್ಟೆ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎನ್ನುವ ಹಾರ್ಮೋನು ಏರುತ್ತದೆ. ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಇರುವಾಗ ಅದನ್ನು ನೋಡಬೇಕು. 28 ದಿನಕ್ಕೊಮ್ಮೆ ಆಗುವವರಿಗೆ ಅದು 21ನೇ ದಿನ. 40 ದಿನಕ್ಕೊಮ್ಮೆ ಆಗುವವಳಿಗೆ 33ನೇ ದಿನದ ಹತ್ತಿರ. 21ನೇ ದಿನ ನನ್ನ ರಕ್ತದಲ್ಲಿ ಅದು ಕಡಿಮೆ ಇದ್ದರೆ ಮೊಟ್ಟೆ ಬರುತ್ತಿಲ್ಲ ಎಂದು ಹೇಳಲು ಆಗುವುದೇ ಇಲ್ಲ. ಇನ್ನೂ ಬಲಿಯುತ್ತಿರಬಹುದು. ನಾಲ್ಕು ತಿಂಗಳ ಮಾತ್ರೆ ಬರೆದಿದ್ದು ಆ ಒಂದು ರಿಪೋರ್ಟ್ ನೋಡಿ. "ಕರೆಕ್ಟಾಗಿ ಎಷ್ಟು ದಿನಕ್ಕೆ?" ಎಂದು ಒಂದು ಮಾತು ಅವರು ಕೇಳಬೇಕಿತ್ತು. ನಾನೂ ಎಣಿಸಿಕೊಂಡು ಹೋಗಬೇಕಿತ್ತು.

ಮಾರನೆ ದಿನ ಮಧ್ಯಾಹ್ನ ಒಂದು ನೋಟ್‌ಬುಕ್ಕಿನಲ್ಲಿ ಎರಡು ಪುಟ ಮಾಡಿಕೊಂಡೆ. ಒಂದು ನನಗೆ, ಒಂದು ಇವರಿಗೆ. ಅತ್ತೆ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು.

"ಅವನದೂ ಬರೀಬೇಕಾ?"

"ಹೌದು ಅತ್ತೆ. ಚಿಕ್ಕಂದಿನಲ್ಲಿ ಏನಾದ್ರೂ ಕಾಯಿಲೆ, ಆಪರೇಷನ್, ಎಲ್ಲ. ಹರ್ನಿಯಾ ಆಪರೇಷನ್ ಆಗಿತ್ತಂತೆ, ಅದನ್ನ ಬರ್ದೆ."

ಅವರ ಕೈ ಮೊರದ ಮೇಲೇ ನಿಂತಿತು. ಒಂದು ಭತ್ತದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹೊಸಕುತ್ತಾ ಬಹಳ ಹೊತ್ತು ಕೂತರು. ಸಿಪ್ಪೆ ಬಿಟ್ಟು ಅಕ್ಕಿ ಬಂತು. ಅದನ್ನು ಮೊರಕ್ಕೆ ಹಾಕಿ, "ಹರ್ನಿಯಾ ಅಲ್ಲ ಅದು" ಎಂದರು. "ಅವ್ನಿಗೆ ಒಂದು ಬೀಜ ಕೆಳಗೆ ಇಳಿದಿರ್ಲಿಲ್ಲ. ನಾಲ್ಕು ವರ್ಷ ಇರುವಾಗ ಆಪರೇಷನ್ ಮಾಡ್ಸಿದ್ದು. ಅವ್ನಿಗೂ ಹರ್ನಿಯಾ ಅಂತಲೇ ಹೇಳಿದ್ವಿ."

"ಯಾಕೆ ಹೇಳ್ಲಿಲ್ಲ ಅತ್ತೆ?"

"ಗೊತ್ತಾದ್ರೆ ಹೆಣ್ಣು ಕೊಡ್ತಾರೇನೆ ಯಾರಾದ್ರೂ?"

ನನಗೆ ಸಿಟ್ಟು ಬಂತು. ನಾನು ಅರಳಿಕಟ್ಟೆ ಸುತ್ತುವುದನ್ನು ಅತ್ತೆ ಕಟ್ಟೆ ಮೇಲೆ ಕೂತು ನೋಡಿದ್ದರು. ಎದ್ದು ತೋಟದ ಕಡೆ ನಡೆದೆ. ಸಂಜೆ ವಾಪಸ್ ಬಂದಾಗ ಅತ್ತೆ ಇನ್ನೊಂದು ವಿಷಯ ಹೇಳಿದರು. ಅವರಿಗೂ ಮದುವೆಯಾಗಿ ಮೂರು ವರ್ಷ ಏನೂ ಆಗಿರಲಿಲ್ಲವಂತೆ. ಆಮೇಲೆ ನಿಂತಿದ್ದು ಮೂರು ತಿಂಗಳಿಗೆ ಹೋಯಿತಂತೆ. "ಎಲ್ಲ ನನ್ನನ್ನೇ ಕೇಳಿದ್ರು. ನಿಮ್ಮ ಮಾವನ್ನ ಯಾರೂ ಒಂದು ಮಾತು ಕೇಳ್ಲಿಲ್ಲ." ಅಷ್ಟು ಹೇಳಿ ದೀಪ ಹಚ್ಚಲು ಒಳಗೆ ಹೋದರು. ನನ್ನ ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೆ ಅದನ್ನು ಅವರೊಬ್ಬರ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ. ಇದನ್ನು ಬರೆಯುವ ಮೊದಲು ಅವರನ್ನೂ ಇವರನ್ನೂ ಕೇಳಿದ್ದೇನೆ. ಬರಿ ಎಂದರು ಇಬ್ಬರೂ.

ಒಂದು ಕಡೆ ಮಾತ್ರ ಇಳಿಯದೆ ಇದ್ದು, ಚಿಕ್ಕಂದಿನಲ್ಲೇ ಸರಿ ಮಾಡಿಸಿದವರಲ್ಲಿ ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ಕೆಲವರಲ್ಲಿ ವೀರ್ಯಾಣು ಕಡಿಮೆ ಇರಬಹುದು. ಹಾಗಾಗಿ ಇದು ಹೆದರುವ ವಿಷಯಕ್ಕಿಂತ ಜಾಸ್ತಿ, ಡಾಕ್ಟರಿಗೆ ಹೇಳಲೇಬೇಕಾದ ವಿಷಯ. ಗಂಡಸರು ಹದಿಹರೆಯದ ಮೇಲೆ ಮಂಗಬಾವು ಬಂದು ಕೆಳಗೆ ಊದಿಕೊಂಡಿದ್ದರೆ ಅದನ್ನೂ ಹೇಳಬೇಕು. ಮೈ ಬೆಳೆಸಲು ಜಿಮ್ಮಿನಲ್ಲಿ ಇಂಜೆಕ್ಷನ್ ತಗೊಂಡಿದ್ದರೆ ಅದನ್ನೂ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಗಂಡಸರ ಮೊದಲ ಪರೀಕ್ಷೆ ವೀರ್ಯದ್ದು, ಅದರಲ್ಲಿ ಸೂಜಿಯೂ ಇಲ್ಲ, ನೋವೂ ಇಲ್ಲ. ಆದರೂ ನಾಲ್ಕು ತಿಂಗಳು ಮಾತ್ರೆ ನುಂಗಿದವಳು ನಾನು.

ಇವರು ಅಲ್ಲಿಯವರೆಗೂ "ಕೊಯ್ಲು ಮುಗೀಲಿ" ಎನ್ನುತ್ತಿದ್ದರು. ಕೊಯ್ಲು ಮುಗಿದ ಮೇಲೆ "ನಾನ್ ಎಂಥಕ್ಕೆ? ನಿಂಗೆ ತಾನೆ ಟೆಸ್ಟ್" ಎಂದರು. ವಿಷಯ ಹೇಳಿದ್ದು ನಾನಲ್ಲ, ಅತ್ತೆ. ಬೆಳಿಗ್ಗೆ ಕೊಟ್ಟಿಗೆಯಲ್ಲಿ, ಹಾಲು ಕರೆಯುತ್ತಾ. ನನಗೆ ಮಾತು ಕೇಳಿಸಲಿಲ್ಲ, ಹಾಲು ತಂಬಿಗೆಗೆ ಬೀಳುವ ಸದ್ದು ನಡುವೆ ನಿಂತಿದ್ದು ಕೇಳಿಸಿತು. ಇವರು ಒಳಗೆ ಬಂದು ಕಾಫಿ ಕುಡಿಯದೆ ಸುಮ್ನೆ ಕೂತರು. ಆಮೇಲೆ, "ಆಯ್ತು, ಬುಧವಾರ ಅಲ್ವಾ? ಬರ್ತೀನಿ" ಎಂದರು.

ಅವತ್ತೇ ಆಸ್ಪತ್ರೆಗೆ ಮತ್ತೆ ಫೋನ್ ಮಾಡಿ ಇವರ ಪರೀಕ್ಷೆ ಬಗ್ಗೆ ಕೇಳಿದೆ. ವೀರ್ಯ ಕೊಡುವ ಮೊದಲು, ಹಿಂದಿನ ಸಲ ಅದು ಹೋಗಿ ಕಡಿಮೆ ಅಂದರೆ ಎರಡು ದಿನ, ಜಾಸ್ತಿ ಅಂದರೆ ಏಳು ದಿನ ಅಂತರ ಇರಬೇಕು. ವೀರ್ಯ ಒಂದು ಗಂಟೆಯೊಳಗೆ ಲ್ಯಾಬಿನವರ ಕೈಗೆ ಸಿಗಬೇಕು. ನಮ್ಮೂರಿಂದ ತಗೊಂಡು ಹೋಗುವ ಮಾತೇ ಇಲ್ಲ, ಸಾಗರದಿಂದಲೇ ಶಿವಮೊಗ್ಗಕ್ಕೆ 70 ಕಿಲೋಮೀಟರ್. ಅಲ್ಲೇ ಕೊಡಬೇಕು. ಅವರು ಕೊಟ್ಟ ಡಬ್ಬಿಯಲ್ಲೇ ಕೊಡಬೇಕು, ಸ್ವಲ್ಪ ಚೆಲ್ಲಿದ್ದರೂ ಮುಚ್ಚಿಡದೆ ಹೇಳಬೇಕು. ಒಂದು ರಿಪೋರ್ಟಿನಲ್ಲಿ ಕಡಿಮೆ ಬಂದರೆ ಅದೇ ಕೊನೆಯ ಮಾತಲ್ಲ, ಮತ್ತೊಮ್ಮೆ ಮಾಡಿ ನೋಡುತ್ತಾರೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಹಾಗಾಗಿ ಮೂರು ತಿಂಗಳ ಹಿಂದಿನ ಜ್ವರ ಇವತ್ತಿನ ರಿಪೋರ್ಟಿನಲ್ಲಿ ಕಾಣಿಸಬಹುದು.

ಇದನ್ನು ಇವರಿಗೆ ಹೇಳಿದಾಗ ತಟ್ಟನೆ ಅರ್ಥವಾಯಿತು. "ಅಡಿಕೆ ಹಿಂಗಾರ ಬೇಸಿಗೇಲಿ ಒಣಗಿದ್ರೆ ಕೊಯ್ಲಿಗೆ ಗೊತ್ತಾಗ್ತದಲ್ಲ, ಹಂಗೆ" ಎಂದರು. ಡಿಸೆಂಬರ್ ಮೊದಲ ವಾರ ಇವರಿಗೆ ಐದು ದಿನ ಕೆಟ್ಟ ಜ್ವರ ಬಂದಿತ್ತು. ನಮ್ಮ ಕಡೆ ಆ ಕಾಲದ ಜ್ವರ ಎಂದರೆ ಮೊದಲು ಮಂಗನ ಕಾಯಿಲೆಯ ಭಯ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ರಕ್ತ ಪರೀಕ್ಷೆಯಲ್ಲಿ ಅದಲ್ಲ ಎಂದು ಬಂದ ಮೇಲೆ ಆ ಜ್ವರವನ್ನೇ ಮರೆತಿದ್ದೆವು. ಈಗ ಪುಟಕ್ಕೆ ಹತ್ತಿತು. ದಿನಕ್ಕೆ ಎಂಟು ಹತ್ತು ಸಲ ಎಲೆಅಡಿಕೆ, ಜೊತೆಗೆ ಹೊಗೆಸೊಪ್ಪು. ಅದನ್ನು ನಾಲ್ಕು ಅಂತ ಬರಿ ಎಂದರು. ನಾನು ಎಂಟು ಹತ್ತು ಎಂದೇ ಬರೆದೆ. ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಹಂಡೆ ಒಲೆಯ ಮುಂದೆ ಗಂಟೆಗಟ್ಟಲೆ ಕೂರುವುದನ್ನೂ ಬರೆದೆ, ಬಿಸಿ ತಾಗುವ ಕೆಲಸದ ಬಗ್ಗೆ ಕೇಳುತ್ತಾರೆ.

ಇನ್ನೊಂದು ಸಾಲು ಬರೆಯಲು ಕೈ ಹೋಗಲಿಲ್ಲ. ಎಷ್ಟು ದಿನಕ್ಕೊಮ್ಮೆ ಸೇರುತ್ತೀರಿ ಎನ್ನುವುದು. ಎರಡು ಮೂರು ದಿನಕ್ಕೊಮ್ಮೆ ಎನ್ನುವುದು ಡಾಕ್ಟರುಗಳು ಹೇಳುವ ಲೆಕ್ಕ. ನಿಜ ಏನೆಂದರೆ ಕೊಯ್ಲಿನ ತಿಂಗಳುಗಳಲ್ಲಿ ಇವರು ಅಂಗಳದಲ್ಲಿ ಅಡಿಕೆ ಕಾಯುತ್ತಾ ಮಲಗುತ್ತಾರೆ. ನಾನು ಮೈ ಸೋತು ಒಂಬತ್ತಕ್ಕೇ ನಿದ್ದೆ. ನಾಲ್ಕು ವರ್ಷ ಎಂದು ಎಲ್ಲರಿಗೂ ಹೇಳುತ್ತೇವೆ, ಅದರಲ್ಲಿ ಪ್ರತಿ ವರ್ಷ ಮೂರು ತಿಂಗಳು ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಇಬ್ಬರೂ ಕೂತು ಅದನ್ನೂ ಬರೆದೆವು. ಬರೆದದ್ದನ್ನು ಓದಿ ಇವರು ನನ್ನ ತಲೆ ಮೇಲೆ ಕೈಯಿಟ್ಟರು. ಬಹಳ ದಿನವಾಗಿತ್ತು ಹಾಗೆ ಕೂತು.

ಅಮ್ಮನಿಗೂ ಫೋನ್ ಮಾಡಿದೆ. "ನಿಂಗೆ ಮುಟ್ಟು ನಿಂತಿದ್ದು ಎಷ್ಟನೇ ವಯಸ್ಸಿಗೆ?" ಅವಳಿಗೆ ಗಾಬರಿಯಾಯಿತು. ತಾಯಿಗೆ ಬೇಗ ನಿಂತಿದ್ದರೆ ಮಗಳಿಗೂ ಹಾಗಾಗುವ ಸಾಧ್ಯತೆ ಇರುತ್ತದೆ, ಅದಕ್ಕೆ ಕೇಳ್ತಾರೆ ಎಂದು ವಿವರಿಸಿದೆ. 44 ಇರಬೇಕು ಎಂದಳು. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿತ್ತಾ ಎಂದೂ ಕೇಳಿದೆ. ಟಿಬಿ ಎಂದರೆ ಕೆಮ್ಮು ಎಂದಷ್ಟೇ ತಿಳಿದಿದ್ದೆ. ಅದು ಸದ್ದಿಲ್ಲದೆ ಗರ್ಭನಾಳಕ್ಕೂ ತಗುಲಿ ಮುಚ್ಚಿಹಾಕಬಹುದು, ನಮ್ಮ ದೇಶದಲ್ಲಿ ಇದು ದೊಡ್ಡ ಕಾರಣಗಳಲ್ಲಿ ಒಂದು. ನಾನು ಚಿಕ್ಕವಳಿದ್ದಾಗ ಚಿಕ್ಕಪ್ಪನಿಗೆ ಟಿಬಿ ಇತ್ತು, ಎಲ್ಲರೂ ಒಂದೇ ಮನೆಯಲ್ಲಿ ಇದ್ದೆವು. ಬರೆದೆ.

ಬುಧವಾರ ಮೊದಲ ಬಸ್ಸಿಗೆ ಹೊರಟೆವು. ಆನಂದಪುರ, ಚೋರಡಿ, ಕುಂಸಿ, ಆಯನೂರು. ಇವರು ಇಡೀ ದಾರಿ ನೋಟ್‌ಬುಕ್ ತಮ್ಮ ತೊಡೆ ಮೇಲೇ ಇಟ್ಟುಕೊಂಡಿದ್ದರು. ಶಿವಮೊಗ್ಗ ಹತ್ತಿರ ಬಂದ ಹಾಗೆ ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆಯ ಬೋರ್ಡುಗಳು ಕಂಡವು, ಎಲ್ಲದರಲ್ಲೂ ನಗುವ ಮಗು. ಮೊದಲ ಭೇಟಿ ಎಂದರೆ ಐವಿಎಫ್ ಎಂದು ಬಹಳ ಜನ ಹೆದರಿ ಹೋಗುವುದೇ ಇಲ್ಲ. ಹಾಗಲ್ಲ. ಮೊದಲು ಕೇಳುತ್ತಾರೆ, ಪರೀಕ್ಷೆ ಮಾಡುತ್ತಾರೆ. ಎಷ್ಟೋ ಜನರಿಗೆ ಥೈರಾಯ್ಡ್ ಸರಿಮಾಡಿದರೆ, ದಿನ ಸರಿಯಾಗಿ ಎಣಿಸಿದರೆ ಸಾಕಾಗುತ್ತದೆ. ಐವಿಎಫ್ ಮಾಡುವ ಕೇಂದ್ರಗಳಿಗೆ 2021ರ ಕಾನೂನಿನ ಪ್ರಕಾರ ನೋಂದಣಿ ಇರಲೇಬೇಕು, ಅದನ್ನು ಕೇಳಿ ನೋಡುವ ಹಕ್ಕು ನಮಗಿದೆ. ಮೊದಲ ದಿನವೇ ಪ್ಯಾಕೇಜ್ ಎಂದು ಯಾರಾದರೂ ಕಾಗದ ಮುಂದಿಟ್ಟರೆ ಮನೆಗೆ ಹೋಗಿ ಯೋಚಿಸುತ್ತೇವೆ ಎಂದು ಎದ್ದು ಬನ್ನಿ.

ಡಾಕ್ಟರಮ್ಮ ನೋಟ್‌ಬುಕ್ ತಗೊಂಡು ಮೊದಲ ಪುಟ ಬಿಟ್ಟು ಎರಡನೆಯದನ್ನು ತೆರೆದರು. ಕನ್ನಡಕದ ಮೇಲಿಂದ ಇವರನ್ನು ನೋಡಿ, "ಆಪರೇಷನ್ ಯಾವ ಕಡೆದು?" ಎಂದು ಕೇಳಿದರು. ಇವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ತಾವೇ ಹೇಳಿದರು. ಎಡಗಡೆ. ನಾಲ್ಕು ವರ್ಷಕ್ಕೆ. ಡಿಸೆಂಬರಿನಲ್ಲಿ ಜ್ವರ. ಹೊಗೆಸೊಪ್ಪು ಎಂಟು ಹತ್ತು ಸಲ. ನಾನು ಬಾಯಿ ತೆರೆಯಬೇಕಾಗಿ ಬರಲಿಲ್ಲ.

ನನ್ನ ತಾರೀಕುಗಳ ಮೇಲೆ ಅವರು ಪೆನ್ನು ಓಡಿಸಿದರು. 21ನೇ ದಿನದ ಹಳೇ ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟರು. ಮಾರ್ಚ್ 12ಕ್ಕೆ ಪ್ರೊಜೆಸ್ಟರಾನ್, ಆಮೇಲೆ ಮುಟ್ಟಾದ ಎರಡನೇ ದಿನ ಇನ್ನಷ್ಟು ಹಾರ್ಮೋನು. ಥೈರಾಯ್ಡ್ ಮತ್ತು ಎಎಂಎಚ್‌ಗೆ ಅವತ್ತೇ ರಕ್ತ ತಗೊಂಡರು, ಅವಕ್ಕೆ ದಿನದ ಕಟ್ಟಿಲ್ಲ. ಎಎಂಎಚ್ ನೋಡಿ ಹೆದರಬೇಡ ಎಂದರು. ಅದು ಮೊಟ್ಟೆ ಎಷ್ಟು ಉಳಿದಿರಬಹುದು ಎಂಬುದರ ಅಂದಾಜು, ಈ ತಿಂಗಳು ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಒಳಗಿನಿಂದ ಮಾಡುವ ಸ್ಕ್ಯಾನ್‌ಗೆ ಮೂತ್ರಕ್ಕೆ ಹೋಗಿ ಬರಲು ಹೇಳಿದರು. ನಾನು ಹೊಟ್ಟೆ ಸ್ಕ್ಯಾನ್ ಎಂದುಕೊಂಡು ಬಸ್‌ಸ್ಟ್ಯಾಂಡಿನಿಂದ ಒಂದು ಬಾಟಲಿ ನೀರು ಕುಡಿದಿದ್ದೆ. ಸ್ಕ್ಯಾನ್ ಅಷ್ಟೇನೂ ನೋಯಲಿಲ್ಲ. ಗರ್ಭನಾಳ ತೆರೆದಿದೆಯಾ ಎಂದು ನೋಡುವ ಟ್ಯೂಬ್ ಟೆಸ್ಟ್ ಮುಂದಿನ ಸಲ, ಮುಟ್ಟಿನ ರಕ್ತಸ್ರಾವ ನಿಂತ ಮೇಲೆ. ಇವತ್ತಿನಿಂದಲೇ ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೋಗ್ರಾಂ. ಇವರು ಲ್ಯಾಬಿನಲ್ಲಿ ಕೊಟ್ಟು ಬಂದರು. ಅದರ ರಿಪೋರ್ಟಿನಲ್ಲಿ ಏನಿತ್ತು ಎನ್ನುವುದು ಇವರದು, ಇಲ್ಲಿ ಬರೆಯುವುದಿಲ್ಲ.

ಮನೆ ಮುಟ್ಟುವಾಗ ಕತ್ತಲಾಗಿತ್ತು. ಅತ್ತೆ ಜಗಲಿ ಲೈಟು ಹಾಕಿಕೊಂಡು ಕೂತಿದ್ದರು. ನಾಲ್ಕು ವರ್ಷದಿಂದ ಎಲ್ಲಿಗೆ ಹೋಗಿ ಬಂದರೂ ಮೊದಲು ನನ್ನ ಮುಖ ನೋಡುತ್ತಿದ್ದರು. ಇವತ್ತೂ ನನ್ನನ್ನೇ ಕೇಳುತ್ತಾರೆ ಎಂದುಕೊಂಡು ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುತ್ತಾ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವರು ಇವರ ಕಡೆ ತಿರುಗಿದರು.

"ನಿಂಗೆ ಎಂಥ ಅಂದ್ರಾ ಮಗಾ?"

ಇವರು ಜಗಲಿ ಮೇಲೆ ತಾಯಿಯ ಪಕ್ಕ ಕೂತು ನೋಟ್‌ಬುಕ್ ತೆರೆದರು. ನಾನು ಕಾಫಿಗೆ ಇಡಲು ಒಳಗೆ ಹೋದೆ.